ಗಾಡಿ ಎತ್ತರ ಮಾಡಿದ ಬೇಸಿಗೆ

ಮಾನ್ವಿಯ ನಮ್ಮ ಮನೆಯಲ್ಲಿ ಕೋಣೆಗಳು ಎರಡೇ ಇದ್ದವು, ಅಂಗಳ ಮಾತ್ರ ಇನ್ನೆರಡು ಮನೆ ಕಟ್ಟುವಷ್ಟು ದೊಡ್ಡದಿತ್ತು. ಒಳಗಿನ ಕೋಣೆಯಲ್ಲಿ ಒಲೆ, ಜಗಲಿಯ ಮೇಲೆ ದೇವರು, ಗೋಡೆಗುಂಟ ಜೋಳದ ಚೀಲಗಳು. ಹೊರಗಿನ ಪಡಸಾಲೆ ಆಯಿಯದು. ಅಪ್ಪನ ತಾಯಿ ಆಕೆ. ಹಣೆತುಂಬ ವಿಭೂತಿ ಹಚ್ಚಿಕೊಂಡು ಗೋಡೆಗೊರಗಿ ಕುಳಿತಳೆಂದರೆ ಬೀದಿಯಲ್ಲಿ ಹೋಗುವವರೆಲ್ಲ ಆಕೆಗೆ ತಮ್ಮ ಸುದ್ದಿ ಹೇಳಿಯೇ ಮುಂದೆ ಹೋಗಬೇಕು. ಉಳಿದ ನಮ್ಮ ಬದುಕೆಲ್ಲ ಅಂಗಳದಲ್ಲೇ ನಡೆಯುತ್ತಿತ್ತು. ಅವ್ವ ಅಲ್ಲಿ ಕುಳಿತು ಜೋಳ ಹಸನು ಮಾಡುವಳು, ನಾನು ಅಲ್ಲೇ ಚಾಪೆ ಹಾಸಿ ಲೆಕ್ಕ ಮಾಡುವೆ. ಸಂಜೆ ಅಪ್ಪನ ಪಿಕಪ್ ಗಾಡಿ ಬಂದು ಬೇವಿನ ಮರದ ಕೆಳಗೆ ನಿಂತಿತೆಂದರೆ ಎಂಜಿನ್ನಿನ ಬಿಸಿಯ ವಾಸನೆ, ಭತ್ತದ ಹೊಟ್ಟಿನ ವಾಸನೆ ಎರಡೂ ಒಟ್ಟಿಗೆ ಮನೆಯೊಳಗೆ ಬರುತ್ತಿದ್ದವು. ನನಗೆ ಅಪ್ಪ ಬಂದ ಅನ್ನುವುದು ಆ ವಾಸನೆಯಿಂದಲೇ ತಿಳಿಯುತ್ತಿತ್ತು.

ಆ ಗಾಡಿಯ ಮುಂದಿನ ಸೀಟು ಅವ್ವನದು. ಹಾಗೆಂದು ಯಾರೂ ಹೇಳಿರಲಿಲ್ಲ, ಆದರೆ ಮಾನ್ವಿಯಿಂದ ರಾಯಚೂರಿನವರೆಗೆ ಬಸಣ್ಣನ ಗಾಡಿ ಅಂದರೆ ಪಕ್ಕದಲ್ಲಿ ಗೌರಮ್ಮ ಇರಲೇಬೇಕು ಎಂದು ಜನಕ್ಕೆ ರೂಢಿಯಾಗಿಹೋಗಿತ್ತು. ಸಣ್ಣವಳಿದ್ದಾಗ ಬಂದ ಜ್ವರದಿಂದ ಅವ್ವನ ಎಡಗಾಲು ಸೊರಗಿತ್ತು. ನಡೆಯುವಾಗ ಮೊಣಕಾಲಿನ ಮೇಲೆ ಎಡಗೈ ಒತ್ತಿ ಹೆಜ್ಜೆ ಇಡುತ್ತಿದ್ದಳು. ಗಾಡಿ ಹತ್ತುವ ಅವಳ ರೀತಿಯೇ ಬೇರೆ. ಮೊದಲು ಬೆನ್ನು ತಿರುಗಿಸಿ ಸೀಟಿನ ಅಂಚಿಗೆ ಕುಂಡೆ ಊರುವಳು, ಆಮೇಲೆ ಹಿಂದಕ್ಕೆ ಸರಿದು, ಎರಡೂ ಕೈಯಿಂದ ಎಡಗಾಲನ್ನು ಎತ್ತಿ ಒಳಗಿಟ್ಟುಕೊಳ್ಳುವಳು, ಮಲಗಿದ ಕೂಸನ್ನು ಎತ್ತಿಟ್ಟ ಹಾಗೆ. ಅಪ್ಪ ಅಷ್ಟರಲ್ಲಿ ಗಾಡಿ ಚಾಲೂ ಮಾಡಿ ಕಾಯುತ್ತಿದ್ದ. ಚೀಕಲಪರ್ವಿ, ಮಲ್ಲಟ, ಹಿರೇಕೊಟ್ನೆಕಲ್ ಕಡೆಯ ಹೊಲಗಳಿಂದ ಭತ್ತ ತುಂಬಿ ಮಿಲ್ಲಿಗೆ ಹಾಕುವುದು ಅವರ ಕೆಲಸ. ಹೊಲದ ಕಣದಲ್ಲಿ ಅವ್ವ ನಾಲ್ಕು ಕಾಳು ಬಾಯಿಗೆ ಹಾಕಿ ಹಲ್ಲಿನಲ್ಲಿ ಕಡಿಯುವಳು. “ಇನ್ನಾ ಹಸಿ ಅದ ನೋಡ್ರಿ, ಎರಡು ಬಿಸಲು ಕಾಯ್ಸ್ರಿ” ಅಂದರೆ ರೈತರು ಮಾತಾಡದೆ ಭತ್ತ ಹರವುತ್ತಿದ್ದರು. ರಜೆಯ ದಿನ ನಾನೂ ಅವರಿಬ್ಬರ ನಡುವೆ ಗೇರಿನ ಪಕ್ಕ ಕಾಲು ಮಡಚಿ ಕೂರುತ್ತಿದ್ದೆ. ಎರಡೂ ಕಡೆಯಿಂದ ಅವರ ಮೈ ತಾಗುತ್ತಿತ್ತು. ಅದಕ್ಕಿಂತ ಭದ್ರವಾದ ಜಾಗ ಲೋಕದಲ್ಲಿ ಇದೆಯೆಂದು ನನಗೆ ಅನ್ನಿಸಿರಲಿಲ್ಲ.

ಗಾಡಿ ಎತ್ತರ ಮಾಡಬೇಕೆಂದು ಮೊದಲು ಹೇಳಿದವಳು ಅವ್ವನೇ. ಹಿರೇಕೊಟ್ನೆಕಲ್ಲಿನ ಒಂದು ಹೊಲದ ದಾರಿಯಲ್ಲಿ ಎರಡು ಗಾಲಿಜಾಡಿನ ನಡುವಿನ ದಿಬ್ಬಕ್ಕೆ ಗಾಡಿಯ ಹೊಟ್ಟೆ ಕೂತು, ಹಿಂದಕ್ಕೂ ಹೋಗದೆ ಮುಂದಕ್ಕೂ ಹೋಗದೆ ಅರ್ಧ ದಿನ ನಿಂತುಬಿಟ್ಟಿತು. ಅಪ್ಪ ಟ್ರ್ಯಾಕ್ಟರ್ ಹುಡುಕಿಕೊಂಡು ಹೋದ. ಎರೆಮಣ್ಣಿನ ಕೆಸರಿನಲ್ಲಿ ಇಳಿಯಲಾಗದೆ ಅವ್ವ ಸೀಟಿನಲ್ಲೇ ಕುಳಿತಿದ್ದಳು. ಮನೆಗೆ ಬಂದವಳು ಕೈಕಾಲು ತೊಳೆದು, ಅಪ್ಪನ ತಾಟಿಗೆ ರೊಟ್ಟಿ ಹಾಕುತ್ತಲೇ ಹೇಳಿದಳು.

“ಗಾಡಿ ಎತ್ರ ಮಾಡ್ರಿ. ಪಾಟಾ ಹಾಕಿದ್ರ ಏಳ್ತದಂತ ನೀವೇ ಅಂತಿದ್ರಲ್ಲ.”

“ಗ್ಯಾರೇಜಿಗೆ ಬಿಟ್ರ ವಾರಗಟ್ಲೆ ಇಟ್ಕೊಂಡು ಕುಂದರ್ತಾರ.”

“ಗ್ಯಾರೇಜ್ ಯಾಕ? ನೀವು ಲಾರಿ ಗ್ಯಾರೇಜಿನ್ಯಾಗೇ ದೊಡ್ಡಾವ್ರು ಆದಾವ್ರು. ಅಂಗಳ ಅದ, ನಾ ಅದೀನಿ.”

ಎರಡನೆಯ ಬೆಳೆಯ ಕೊಯ್ಲು ಮುಗಿದು, ಕಾಲುವೆಗೆ ನೀರು ಬಿಡುವುದು ನಿಂತ ಮೇಲೆ ಕೆಲಸ ಶುರುವಾಯಿತು. ಪಾಟಾ ಅಂದರೆ ಬಿಲ್ಲಿನ ಹಾಗೆ ಬಾಗಿದ ಕಬ್ಬಿಣದ ಪಟ್ಟಿಗಳು, ಒಂದರ ಮೇಲೊಂದು ಜೋಡಿಸಿದ ಕಟ್ಟು. ಗಾಡಿಯ ಭಾರವೆಲ್ಲ ಅದರ ಮೇಲೆ. ಆ ಕಟ್ಟಿಗೆ ಇನ್ನೂ ಪಟ್ಟಿಗಳನ್ನು ಸೇರಿಸಿದರೆ ಗಾಡಿ ಮೇಲೇಳುತ್ತದೆ. ಅಪ್ಪ ರಾಯಚೂರಿನಿಂದ ಹೊಸ ಪಾಟಾಗಳನ್ನು ತಂದ, ಊರಿನ ವೆಲ್ಡಿಂಗ್ ಅಂಗಡಿಯ ಖಾಜಾಸಾಬರಿಂದ ಉದ್ದನೆಯ ಬೋಲ್ಟುಗಳನ್ನು ಮಾಡಿಸಿದ. ಗಾಲಿಗಳಿಗೆ ಕಲ್ಲು ಕೊಟ್ಟು, ಜಾಕ್ ಏರಿಸಿ, ಚಾಸಿಯ ಕೆಳಗೆ ಮರದ ದಿಮ್ಮಿಗಳನ್ನು ಒಟ್ಟಿದ. ಗಾಲಿ ಬಿಚ್ಚಿದ ಗಾಡಿ ಅಂಗಳದಲ್ಲಿ ಮಂಡಿಯೂರಿದ ದನದಂತೆ ನಿಂತಿತ್ತು. ಹಳೆಯ ಬೋಲ್ಟುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಅವ್ವ ಹಿಂದಿನ ದಿನವೇ ಅವಕ್ಕೆ ಸೀಮೆಎಣ್ಣೆ ಬಿಟ್ಟು ಬಟ್ಟೆ ಸುತ್ತಿದ್ದಳು. ಆದರೂ ಒಂದು ನಟ್ಟು ಅಪ್ಪನ ಕೈಗೆ ಬಗ್ಗಲಿಲ್ಲ. ಅವನು ನಟ್ಟು ತಿರುಗಿಸುವ ಪಾನದ ತುದಿಗೆ ಉದ್ದನೆಯ ಪೈಪು ತೂರಿಸಿ, ಬೆವರು ಒರೆಸಿಕೊಂಡು ಕರೆದ.

“ಗೌರಿ, ಬಾ ಇಲ್ಲಿ. ಇದರ ಮ್ಯಾಲೆ ಕುಂದ್ರು.”

“ಪೈಪಿನ ಮ್ಯಾಲೇನ್ರಿ?”

“ಹೂಂ. ನನ್ನ ಮಾತಂತೂ ಕೇಳವಲ್ದು, ನಿನ್ನ ಮಾತರ ಕೇಳ್ತದೇನೋ ನೋಡೋಣ.”

ಅವ್ವ ಸೆರಗು ಸಿಕ್ಕಿಸಿ ಪೈಪಿನ ಮೇಲೆ ಕುಳಿತು ಮೈಭಾರ ಬಿಟ್ಟಳು. ಕಟ್ ಎಂದು ನಟ್ಟು ಸಡಿಲಾಯಿತು. ಅವ್ವ ನೆಲಕ್ಕೆ ಬಿದ್ದಳು. ನಾನು ಹೆದರಿ ಓಡಿದರೆ ಅವಳು ಮಣ್ಣಿನಲ್ಲಿ ಕುಳಿತೇ ಬಾಯಿಗೆ ಸೆರಗು ಒತ್ತಿ ನಗುತ್ತಿದ್ದಳು. ಅಪ್ಪನೂ ನಗುತ್ತ ಅವಳ ಎರಡೂ ತೋಳು ಹಿಡಿದು ಎಬ್ಬಿಸಿದ. ಅವನ ಕೈಯ ಗ್ರೀಸು ಅವಳ ಕುಪ್ಪಸದ ತೋಳಿಗೆ ಹತ್ತಿತು. ಪಡಸಾಲೆಯಿಂದ ಆಯಿ, “ಏನದು ಸಪ್ಪಳ? ಗಂಡ ಹೆಂಡ್ತಿ ಕೂಡಿ ಗಾಡಿ ಮುರದ್ರೇನು?” ಎಂದು ಕೂಗಿದಳು. ಅವತ್ತು ಮಧ್ಯಾಹ್ನ ಒಲೆ ಹಚ್ಚಲು ಪುರುಸೊತ್ತಿಲ್ಲದೆ ಮಂಡಾಳು ಒಗ್ಗರಣೆ, ಮಿರ್ಚಿ ತರಿಸಿ, ಎಲ್ಲರೂ ಬೇವಿನ ನೆರಳಲ್ಲಿ ಒಂದೇ ಪೇಪರಿನ ಸುತ್ತ ಕುಳಿತು ತಿಂದೆವು. ಹೊಸ ಪಟ್ಟಿಗಳ ತೂತು ಸರಿಯಾಗಿ ಕೂಡುವಂತೆ ಅವ್ವ ಕಬ್ಬಿಣದ ಗಡಾರಿ ಹಿಡಿದು ಒತ್ತುವಳು, ಅಪ್ಪ ಕೆಳಗೆ ಮಲಗಿ “ಇನ್ನ ಸೊಲ್ಪ, ಇನ್ನ ಸೊಲ್ಪ, ಬಂತು” ಅನ್ನುವನು, ನಾನು ನಟ್ಟುಗಳನ್ನು ಡಬ್ಬಿಯಿಂದ ಆರಿಸಿ ಕೊಡುವೆ. ನಮ್ಮ ಮನೆಯಲ್ಲಿ ಮೂವರೂ ಕೂಡಿ ಅಷ್ಟು ನಕ್ಕದ್ದು ಆ ವಾರವೇ ಕೊನೆ.

ಗಾಲಿ ತೊಡಿಸಿ ಜಾಕ್ ಇಳಿಸಿದ ಬೆಳಿಗ್ಗೆ ಗಾಡಿ ಬೇರೆಯದೇ ಆಗಿ ಕಂಡಿತು. ಅದರ ಹೊಟ್ಟೆಯ ಕೆಳಗೆ ನಾನು ತೆವಳಿ ಈ ಕಡೆಯಿಂದ ಆ ಕಡೆ ಹೋಗುವಷ್ಟು ಎತ್ತರ. ಓಣಿಯವರೆಲ್ಲ ನೋಡಲು ಬಂದರು. ಅವ್ವ ಗಾಡಿಗೆ ವಿಭೂತಿ ಬಳಿದು, ಕಾಯಿ ಒಡೆದಳು, ಗಾಲಿಗೆ ನಿಂಬೆಹಣ್ಣು ಇಟ್ಟಳು. ಅಪ್ಪ ಒಳಗೆ ಹತ್ತಿ ಕುಳಿತು ಆ ಕಡೆಯ ಬಾಗಿಲು ತೆರೆದು, “ಬಾ, ಏರು” ಎಂದ. ಅವ್ವ ತನ್ನ ರೂಢಿಯಂತೆ ಬೆನ್ನು ತಿರುಗಿಸಿದಳು. ಸೀಟಿನ ಅಂಚು ಅವಳ ಸೊಂಟಕ್ಕಿಂತ ಎಷ್ಟೋ ಮೇಲಿತ್ತು. ಮತ್ತೆ ಮುಂದಕ್ಕೆ ತಿರುಗಿ, ಬಾಗಿಲು ಹಿಡಿದು ಬಲಗಾಲು ಎತ್ತಿಟ್ಟಳು, ಎಡಗಾಲಿಗೆ ಅವಳನ್ನು ನೆಲದಿಂದ ಮೇಲೆತ್ತುವ ಬಲವಿರಲಿಲ್ಲ. ಎರಡು ಸಲ ಪ್ರಯತ್ನಿಸಿದಳು. ಓಣಿಯವರು ನೋಡುತ್ತಿದ್ದರು.

“ನನಗ ಆಗವಲ್ದ್ರಿ,” ಎಂದು ನಕ್ಕಳು.

“ಅದಕ್ಯಾಕ ಅಷ್ಟು ಚಿಂತಿ? ಖಾಜಾನ ಕಡಿಂದ ಒಂದು ಪಾವಟಿಗಿ ಮಾಡಿಸಿ ಬಾಗಲ ಕೆಳಗ ಹಾಕಸ್ತೀನಿ. ಪಂಚಮಿಗೆ ದೇವದುರ್ಗಕ್ಕ ಹೋಗೂದ್ರಾಗ ತಯಾರಿರ್ತದ ತಗೋ.”

ದೇವದುರ್ಗ ಅವ್ವನ ತವರು. ವರ್ಷಕ್ಕೊಮ್ಮೆ ನಾಗರಪಂಚಮಿಗೆ ಉಂಡಿಯ ಡಬ್ಬಿ ಹಿಡಿದು ಅವಳು ತನ್ನ ಸಲುವಾಗಿ ಹೋಗುತ್ತಿದ್ದುದು ಅದೊಂದೇ ಊರಿಗೆ. ಪಾವಟಿಗೆಯ ಅಳತೆ ಕೊಡುವ ಕೆಲಸ ಅಪ್ಪ ನನಗೆ ವಹಿಸಿದ. ಅವ್ವ ಗೋಡೆ ಹಿಡಿದು ಎಷ್ಟು ಎತ್ತರಕ್ಕೆ ಕಾಲಿಟ್ಟು ಸಲೀಸಾಗಿ ಏಳಬಲ್ಲಳೋ ಅಷ್ಟಕ್ಕೆ ಒಂದು ಕೋಲು ಮುರಿದುಕೊಂಡು, ಅಪ್ಪನ ಜೊತೆ ಖಾಜಾಸಾಬರ ಅಂಗಡಿಗೆ ಹೋಗಿ ನನ್ನ ಕೈಯಾರೆ ಕೊಟ್ಟು ಬಂದೆ.

ಪಾವಟಿಗೆ ಬರುವವರೆಗೆ ಇರಲೆಂದು ಅವ್ವ ಮನೆಯ ಸ್ಟೂಲಿನ ಮೇಲೆ ನಿಂತು ಗಾಡಿ ಹತ್ತಿದಳು. ಹಾಗೆ ಹೊರಟ ಮೊದಲ ಸಲ ನಾನೂ ಜೊತೆಗಿದ್ದೆ. ಆ ಬೇಸಿಗೆಯಲ್ಲಿ ಅಪ್ಪ ರಾಯಚೂರಿನ ದೊಡ್ಡ ಮಿಲ್ಲೊಂದಕ್ಕೆ ಹೊಸದಾಗಿ ಭತ್ತ ಹಾಕಲು ಹಿಡಿದಿದ್ದ. ಅಮರೇಶಪ್ಪ ಎಂಬ ದಲಾಲಿ ಆ ಮಿಲ್ಲಿಗೆ ಅವನ ಪರಿಚಯ ಮಾಡಿಸಿದ್ದ. ಮಿಲ್ಲಿನ ಅಂಗಳದಲ್ಲಿ ಗಾಡಿ ನಿಂತಾಗಲೇ ಸ್ಟೂಲನ್ನು ಮನೆಯಲ್ಲೇ ಬಿಟ್ಟು ಬಂದದ್ದು ನೆನಪಾದದ್ದು. ಅಪ್ಪ ಸುತ್ತ ನೋಡಿ, ಆ ಕಡೆಯಿಂದ ಬಂದು ಅವ್ವನ ಕಂಕುಳಲ್ಲಿ ಕೈ ಹಾಕಿ ಇಳಿಸಿದ. ಚೀಲ ಹೊರುವ ಹಮಾಲರು ನಿಂತು ನೋಡಿದರು. ಅಮರೇಶಪ್ಪ ಎಲೆಅಡಿಕೆ ಜಗಿಯುತ್ತ ದೊಡ್ಡ ದನಿಯಲ್ಲಿ ಹೇಳಿದ.

“ಏನ್ ಬಸಣ್ಣ, ಹೆಂಡ್ತೀನೂ ಲೋಡ್ ಮಾಡ್ಕೊಂಡು ಬಂದೀಯಲ್ಲಪ್ಪ! ಇಳಸಾಕ ಹಮಾಲರನ್ನ ಕರೀಲೇನು?”

ಹಮಾಲರು ನಕ್ಕರು. ಅಪ್ಪನ ಕಿವಿಗಳು ಕೆಂಪಾದವು. ಆಮೇಲೆ ಅವನೂ ನಕ್ಕ. ಬೈಯುತ್ತಾನೆ ಎಂದು ಕಾದಿದ್ದ ನಾನು ಅವನ ಬಾಯನ್ನೇ ನೋಡುತ್ತ ನಿಂತೆ. ಅವ್ವ ಏನೂ ಕೇಳಿಸದವಳಂತೆ ಚೀಲದ ಹತ್ತಿರ ಹೋಗಿ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡಳು. “ಇಲ್ಲಿ ತೇವ ನೋಡಾಕ ಮಷೀನ್ ಅದರಿ ಅಕ್ಕಾ, ನಿಮ್ಮ ಹಲ್ಲಿಗೆ ಯಾಕ ತ್ರಾಸು?” ಎಂದ ಅಮರೇಶಪ್ಪ. ಅವ್ವ ಕಾಳು ಉಗುಳಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಮನೆಯ ಹತ್ತಿರ ಬಂದಾಗ ಅಪ್ಪ ಹೇಳಿದ್ದು ಇಷ್ಟು: “ಸ್ಟೂಲು ಗೀಲು ಚೆಂದ ಕಾಣೂದಿಲ್ಲ. ಪಾವಟಿಗಿ ಬರ್ಲಿ, ಆಮ್ಯಾಲೆ ಬರಾಕಂತಿ.”

ಅವ್ವ ಮನೆಯಲ್ಲಿ ಉಳಿದಳು. ಆಷಾಢ ಕಳೆಯಿತು. ದಿನಾ ಸಂಜೆ ನಾನು ಕೇಳುತ್ತಿದ್ದೆ, “ಯಪ್ಪಾ, ಪಾವಟಿಗಿ ಆತೇನು?” ಒಮ್ಮೆ ಖಾಜಾಗೆ ಕಬ್ಬಿಣ ಬಂದಿಲ್ಲ ಅನ್ನುವನು, ಒಮ್ಮೆ ಕರೆಂಟಿಲ್ಲ ಅನ್ನುವನು. ಶ್ರಾವಣ ಹಿಡಿಯುತ್ತಲೇ ಅವ್ವ ಶೇಂಗಾ ಹುರಿದಳು, ಬೆಲ್ಲ ಕುಟ್ಟಿದಳು, ಎಳ್ಳುಂಡಿ, ಶೇಂಗಾ ಉಂಡಿ, ರವೆ ಉಂಡಿ ಎಲ್ಲ ಕಟ್ಟಿ ಸ್ಟೀಲಿನ ಡಬ್ಬಿ ತುಂಬಿದಳು. ಪಂಚಮಿಯ ಹಿಂದಿನ ದಿನ ಹಸಿರು ಇಳಕಲ್ ಸೀರೆ ಉಟ್ಟು ಪಡಸಾಲೆಯಲ್ಲಿ ನಿಂತಳು.

“ಪಾವಟಿಗಿ ಇನ್ನಾ ಆಗಿಲ್ಲ,” ಎಂದ ಅಪ್ಪ.

“ಬಸ್ಸಿಗರ ಹೋಗ್ಲೇನ್ರಿ?”

“ಹಬ್ಬದ ಗದ್ಲದಾಗ ಎಲ್ಲೆರ ಬಿದ್ದೀಗಿದ್ದಿ. ಮುಂದಿನ ವರ್ಷ ಹೋದ್ರಾತು ಬಿಡು.”

ಅವ್ವ ಒಳಗೆ ಹೋಗಿ ಸೀರೆ ಬದಲಿಸಿ ಬಂದು ರೊಟ್ಟಿ ಬಡಿಯಲು ಕುಳಿತಳು. ಎರಡು ದಿನದ ಮೇಲೆ ಅಮರೇಶಪ್ಪ ಅಪ್ಪನ ಜೊತೆ ಮುಂದಿನ ಸೀಟಿನಲ್ಲಿ ಕುಳಿತು ನಮ್ಮ ಮನೆಗೆ ಬಂದ. ಅವ್ವ ಅವನಿಗೆ ಉಂಡಿ ಕೊಟ್ಟಳು. “ಭಾಳ ಚಲೋ ಆಗ್ಯಾವ್ರಿ ಅಕ್ಕಾ,” ಎಂದು ಮತ್ತೆ ಕೇಳಿ ತಿಂದ.

ಖಾಜಾಸಾಬರ ಅಂಗಡಿ ಶಾಲೆಯ ದಾರಿಯಲ್ಲಿ ಇರಲಿಲ್ಲ. ಒಂದು ಮಧ್ಯಾಹ್ನ ಮಾಸ್ತರರು ಬೇಗ ಬಿಟ್ಟಾಗ ನಾನೇ ಸುತ್ತು ಹಾಕಿಕೊಂಡು ಹೋದೆ. ಪಾಪ, ಕಬ್ಬಿಣ ಬಂತೋ ಇಲ್ಲವೋ ಕೇಳೋಣವೆಂದು. ಅಂಗಡಿಯ ಗೋಡೆಗೆ ಒರಗಿಸಿ ಕೆಂಪು ಬಣ್ಣ ಹಚ್ಚಿದ ಪಾವಟಿಗೆ ನಿಂತಿತ್ತು. ಕಾಲು ಜಾರದಂತೆ ಮೇಲೆ ಗುಬುಟು ತಗಡು ಹೊಡೆದಿದ್ದರು. ಧೂಳು ಕೂತಿತ್ತು.

“ಬಸಣ್ಣನ ಬೇಟಿ ಅಲ್ಲೇನವ್ವ ನೀ?” ಖಾಜಾಸಾಬರು ಕಣ್ಣಿನ ಕನ್ನಡಕ ಮೇಲೆತ್ತಿ ಕೇಳಿದರು. “ಒಯ್ಯಾಕ ಬಂದೇನು?”

“ಇದು ಯಾವಾಗ ಆತ್ರಿ ಚಾಚಾ?”

“ಯಾವಾಗೋ ಆಗ್ಯಾದ. ಪಂಚಮಿಗಿಂತ ಬಾಳ ಮುಂಚೆ. ನಿಮ್ಮಪ್ಪ ಬಂದು ನೋಡಿ ಹೋದ್ನಲ್ಲ. ‘ಇರ್ಲಿ ಖಾಜಾ, ಏನ್ ಅವಸರಿಲ್ಲ’ ಅಂದ. ಮನ್ನೀನೂ ಇಲ್ಲೇ ಗಾಡಿ ನಿಂದ್ರಿಸಿ ಚಹಾ ಕುಡದಾನ.”

ಆದರೂ ಮಕ್ಕಳ ಮನಸ್ಸು ಎಷ್ಟು ಬೇಗ ಕಾರಣ ಹುಡುಕುತ್ತದೆ ನೋಡಿ. ಅಪ್ಪ ಮರೆತಿರಬೇಕು, ಭಾರವೆಂದು ಬಿಟ್ಟಿರಬೇಕು, ಒಯ್ದು ಮುಟ್ಟಿಸಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡೆ. ಖಾಜಾಸಾಬರು ಅದನ್ನು ಒಂದು ಟಂಟಂ ಆಟೋಗೆ ಏರಿಸಿಕೊಟ್ಟರು. ನಾನು ಅದರ ಮೇಲೆ ಕೈಯಿಟ್ಟುಕೊಂಡು, ರಾಣಿಯ ಹಾಗೆ ಓಣಿಯೊಳಗೆ ಬಂದೆ.

“ಯವ್ವಾ! ಪಾವಟಿಗಿ ಬಂತು!”

ಅವ್ವ ಅಡುಗೆಕೋಣೆಯಿಂದ ಹಿಟ್ಟಿನ ಕೈಯಲ್ಲೇ ಬಂದಳು. ಅದನ್ನು ನೋಡಿದಳು. ಅದರ ಮೇಲಿನ ಧೂಳನ್ನು ನೋಡಿದಳು. ಅವಳ ಮುಖದಲ್ಲಿ ಹಿಗ್ಗಿರಲಿಲ್ಲ, ಆಶ್ಚರ್ಯವೂ ಇರಲಿಲ್ಲ. “ಯಾರು ತಾ ಅಂದಿದ್ರು ನಿನಗ?” ಎಂದಳು ಮೆಲ್ಲಗೆ. ಅಷ್ಟರಲ್ಲಿ ಗಾಡಿ ಬಂದು ನಿಂತಿತು. ಅಪ್ಪ ಇಳಿದ, ಆ ಕಡೆಯಿಂದ ಅಮರೇಶಪ್ಪ ಇಳಿದ. ನಾನು ಓಡಿಹೋಗಿ ಅಪ್ಪನ ಕೈ ಹಿಡಿದೆ.

“ಯಪ್ಪಾ, ಪಾವಟಿಗಿ ಪಂಚಮಿಗಿಂತ ಮುಂಚೇನ ಆಗಿತ್ತಂತ! ನೀ ನೋಡಿದ್ಯಂತ! ಮತ್ತ ಆಗಿಲ್ಲ ಅಂದ್ಯಲ್ಲ?”

ಅಪ್ಪ ಪಾವಟಿಗೆಯನ್ನು ನೋಡಿದ, ಅಮರೇಶಪ್ಪನನ್ನು ನೋಡಿದ. ಪಡಸಾಲೆಯಿಂದ ಆಯಿ ಕತ್ತು ಚಾಚಿದಳು. ಅಪ್ಪ ಮಿಲ್ಲಿನ ಅಂಗಳದಲ್ಲಿ ನಕ್ಕ ಹಾಗೆಯೇ ನಕ್ಕ.

“ನಿಮ್ಮವ್ವನ್ನ ಕೇಳು. ಆಕೀನೇ ಬ್ಯಾಡ ಅಂದಾಳ. ಗಾಡಿ ಸವಾಸ ಸಾಕಾಗ್ಯಾದಂತ ಆಕಿಗೆ. ಅದಕ್ಕ ನಾ ತರಲಿಲ್ಲ.”

ನಾನು ಅವ್ವನ ಕಡೆ ತಿರುಗಿದೆ. ಹಸಿರು ಸೀರೆ ಉಟ್ಟು ನಿಂತದ್ದು, ಬಸ್ಸಿಗಾದರೂ ಹೋಗಲೇ ಎಂದು ಕೇಳಿದ್ದು ನಾನು ಕಣ್ಣಾರೆ ಕಂಡಿದ್ದೆ. ಈಗ ಹೇಳುತ್ತಾಳೆ ಎಂದು ಕಾದೆ. ಅವ್ವ ಕೈಗೆ ಅಂಟಿದ ಹಿಟ್ಟನ್ನು ಒಂದೊಂದೇ ಬೆರಳಿನಿಂದ ಬಿಡಿಸುತ್ತಿದ್ದಳು.

“ಹೌದು,” ಎಂದಳು. “ನಾನೇ ಬ್ಯಾಡ ಅಂದಿದ್ದೆ.”

“ಸುಳ್ಳು ಹೇಳಬ್ಯಾಡ ಯವ್ವಾ!”

ಅವ್ವ ನನ್ನ ಕೆನ್ನೆಗೆ ಹೊಡೆದಳು. ಅದಕ್ಕೆ ಮುಂಚೆ ಅವಳು ನನ್ನನ್ನು ಹೊಡೆದದ್ದು ನೆನಪಿಲ್ಲ. ಕೆನ್ನೆಯ ಮೇಲೆ ಜೋಳದ ಹಿಟ್ಟು ಉಳಿಯಿತು. ಅಮರೇಶಪ್ಪ, “ಇರ್ಲಿ ಬಿಡ್ರಿ ಅಕ್ಕಾ, ಸಣ್ಣ ಹುಡುಗಿ,” ಎಂದ. ನನ್ನ ಪರವಾಗಿ ಆ ದಿನ ಮಾತಾಡಿದವನು ಅವನೊಬ್ಬನೇ ಎಂಬುದು ನನಗೆ ಈಗಲೂ ನುಂಗಲಾಗದ ಮಾತು.

ಅಪ್ಪ ಯಾಕೆ ಹಾಗೆ ಮಾಡಿದ ಎಂಬುದು ನನಗೆ ದೊಡ್ಡವಳಾದ ಮೇಲೆ ತಿಳಿಯಿತು. ಅವನಿಗೆ ದೊಡ್ಡ ಮಿಲ್ಲಿನ ಜನರ ನಡುವೆ ನಿಲ್ಲಬೇಕಿತ್ತು. ಪಕ್ಕದಲ್ಲಿ ಕಾಲು ಎಳೆಯುವ ಹೆಂಡತಿ ಅಲ್ಲಿ ಬೇಡವಾಗಿದ್ದಳು. ಬಾಯಿಬಿಟ್ಟು ಬೇಡ ಎನ್ನುವಷ್ಟು ಅವನು ಕೆಟ್ಟವನಲ್ಲ, ಬಾ ಎನ್ನುವಷ್ಟು ಗಟ್ಟಿಯೂ ಅಲ್ಲ. ಗಾಡಿಯ ಎತ್ತರ ಅವನಿಗೆ ಒಳ್ಳೆಯ ನೆಪವಾಗಿ ಒದಗಿಬಂತು. ಆ ಎತ್ತರಕ್ಕಾಗಿ ಅವ್ವನೇ ಪೈಪಿನ ಮೇಲೆ ಕುಳಿತು ಮೈಭಾರ ಬಿಟ್ಟಿದ್ದಳು. ಇದನ್ನೆಲ್ಲ ನಾನು ಹೇಗೋ ಅರ್ಥಮಾಡಿಕೊಂಡೆ. ಆದರೆ ಅವತ್ತು ನನಗೆ ಅಪ್ಪನಿಗಿಂತ ಅವ್ವನ ಮೇಲೆಯೇ ಸಿಟ್ಟು ಬಂದಿತ್ತು. ಅವಳಿಗಾಗಿ ಕೋಲು ಮುರಿದವಳು, ದಿನಾ ಕೇಳಿದವಳು, ಟಂಟಂನಲ್ಲಿ ತಂದವಳು ನಾನು. ಕೊನೆಗೆ ಸುಳ್ಳಿ ಆದವಳೂ ನಾನೇ.

ಮರುದಿನ ಬೆಳಿಗ್ಗೆ ಅಪ್ಪ ಒಬ್ಬನೇ ಗಾಡಿಯ ಕೆಳಗೆ ಮಲಗಿ ಪಾವಟಿಗೆಯನ್ನು ಕೂಡಿಸಿದ. ಯಾರನ್ನೂ ನಟ್ಟು ಕೊಡು ಎಂದು ಕರೆಯಲಿಲ್ಲ. ಆಮೇಲೆ ಅದರ ಮೇಲೆ ಕಾಲಿಟ್ಟು ಅಮರೇಶಪ್ಪ ಹತ್ತಿದ, ಮಿಲ್ಲಿನ ಗುಮಾಸ್ತರು ಹತ್ತಿದರು, ಆಯಿ ಕೂಡ ಹತ್ತಿ ರಾಯಚೂರಿನ ಆಸ್ಪತ್ರೆಗೆ ಹೋಗಿಬಂದಳು. ಅವ್ವ ಹತ್ತಲಿಲ್ಲ. ಅಪ್ಪ ಒಂದೆರಡು ಸಲ ಕರೆದ. “ಕೆಲ್ಸ ಅದರಿ,” ಎಂದಳು. ನಾನು ಅಪ್ಪನ ಮಾತಿಗೆ ಎದುರು ಮಾತಾಡುವುದನ್ನು ಕಲಿತೆ. ಗಾಡಿಯ ವಿಷಯ ಬಂದರೆ ಸಾಕು, “ಖರೇನೋ ಸುಳ್ಳೋ?” ಎಂದು ಎಲ್ಲರ ಮುಂದೆ ಕೇಳುತ್ತಿದ್ದೆ. “ಹುಡುಗಿ ಬಾಯಿ ಬಾಳ ಉದ್ದ ಆಗ್ಯಾದ, ಇದಕ್ಕೇನರ ಮಾಡ್ಬೇಕು” ಎಂದು ಅಪ್ಪ ಆಯಿಗೆ ಹೇಳುತ್ತಿದ್ದುದು ಒಂದು ದಿನ ನನ್ನ ಕಿವಿಗೆ ಬಿತ್ತು.

ದೀಪಾವಳಿಯ ರಜೆಯಲ್ಲಿ ಅವ್ವ ಹೇಳಿದಳು, “ಸುನಂದಾ, ದೇವದುರ್ಗಕ್ಕ ಹೋಗೋಣ ನಡಿ. ಎರಡು ದಿನ ಇದ್ದು ಬರೋಣ.” ಅಪ್ಪ ಗಾಡಿ ತೆಗೆಯುತ್ತೇನೆ ಎಂದ. “ಬಸ್ಸಿಗೆ ಹೋಗ್ತೀವಿ,” ಎಂದಳು ಅವ್ವ. ಮಾನ್ವಿಯ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಬಂದು ನಿಂತಾಗ ಅದರ ಮೊದಲ ಮೆಟ್ಟಿಲು ಎಷ್ಟು ಎತ್ತರ ಅಂತ ನಾನು ಮೊದಲ ಸಲ ಗಮನಿಸಿದೆ. ಅವ್ವ ಎರಡೂ ಕಡೆಯ ಸರಳು ಹಿಡಿದಳು. ಮೇಲಿನಿಂದ ಕಂಡಕ್ಟರ್, “ಬರ್ರಿ ಯವ್ವಾ, ಕೈ ಕೊಡ್ರಿ” ಎಂದು ಕೈ ಚಾಚಿದ. ಅವ್ವ ಒಂದೇ ಸಲಕ್ಕೆ ಮೇಲಿದ್ದಳು. ಹಿಂದೆ ನಿಂತವರು ಯಾರೂ ನಗಲಿಲ್ಲ, ಅವರಿಗೆ ಸೀಟು ಹಿಡಿಯುವ ಅವಸರ. ನಾನು ಬಟ್ಟೆಯ ಚೀಲ ಎತ್ತಿಕೊಂಡೆ. ಎರಡು ದಿನಕ್ಕೆ ಅದು ಬಹಳ ಭಾರವಿತ್ತು. ಉಂಡಿ ಇರಬೇಕು ಅಂದುಕೊಂಡೆ. ಈಗ ರಾಯಚೂರಿನಲ್ಲಿ ನನ್ನದೇ ಮನೆ, ನನ್ನದೇ ಸಂಸಾರ. ಆದರೂ ಯಾರಾದರೂ ನಾಲ್ಕು ದಿನ ಹೋಗಿ ಬರೋಣ ಎಂದರೆ ಮೊದಲು ಚೀಲ ಎತ್ತಿ ನೋಡುತ್ತೇನೆ.

ಮರುದಿನ ದೇವದುರ್ಗದಲ್ಲಿ ಅಜ್ಜಿ, ಅವ್ವನ ತಾಯಿ, ನನ್ನ ತಲೆಗೆ ಎಣ್ಣೆ ಹಚ್ಚುತ್ತ ಅಂದಳು, “ಇನ್ನ ಇಲ್ಲೇ ಸಾಲಿಗೆ ಹೋಗಾಕಿ ನೀ. ಮಾಸ್ತರಿಗೆ ಹೇಳೀವಿ.” ನಾನು ನಗೆಚಾಟಿಕೆ ಎಂದುಕೊಂಡು ಅವ್ವನನ್ನು ಹುಡುಕಿದೆ. ಅವ್ವ ಆಗಲೇ ಚಪ್ಪಲಿ ಮೆಟ್ಟಿ ಬಸ್‌ಸ್ಟ್ಯಾಂಡಿನ ದಾರಿ ಹಿಡಿದಿದ್ದಳು. ಎಣ್ಣೆ ಸುರಿಯುವ ತಲೆಯಲ್ಲೇ ಓಡಿ, ಬಸ್ಸಿನ ಹತ್ತಿರ ಅವಳ ಸೆರಗು ಹಿಡಿದೆ.

“ಎರಡು ದಿನ ಅಂದಿದ್ದಿ!”

“ಹೂಂ. ಅಂದಿದ್ದೆ.”

“ಅಪ್ಪ ಹೇಳಿದ್ನೇನು ನನ್ನ ಇಲ್ಲೇ ಬಿಟ್ಟು ಬಾ ಅಂತ?”

“ಅವ್ರು ಹೇಳಿದ್ರು. ಅವ್ರು ಹೇಳಿದ್ದಕ್ಕ ಬಿಡಾಕತ್ತಿಲ್ಲ ನಾ.” ಅವ್ವ ಬಗ್ಗಿ ನನ್ನ ಮುಷ್ಟಿಯಿಂದ ಸೆರಗನ್ನು ಬಿಡಿಸಿಕೊಂಡಳು. “ಅವತ್ತು ನಿನ್ನ ಹೊಡದೆನಲ್ಲ, ಅವಾಗ ನನಗ ತಿಳೀತು. ಆ ಮನ್ಯಾಗ ಇದ್ರ ನೀನೂ ನನ್ನಂಗ ಹೌದು ಅನ್ನೂದು ಕಲೀತಿ.”

“ಮತ್ತ ನೀ ಯಾಕ ಹೋಗಾಕತ್ತೀದಿ?”

ಅವ್ವ ಬಸ್ಸಿನ ಕಡೆ ತಿರುಗಿದಳು. ಎರಡೂ ಸರಳು ಹಿಡಿದು, ಕಂಡಕ್ಟರನ ಕೈಗೂ ಕಾಯದೆ, ತಾನೇ ಮೇಲೆ ಹತ್ತಿದಳು. ಅವಳ ಮಾತಿನ ಅರ್ಥ ತಿಳಿಯುವ ವಯಸ್ಸು ನನ್ನದಾಗಿರಲಿಲ್ಲ. ನನಗೆ ತಿಳಿದದ್ದು ಇಷ್ಟೇ, ಅವ್ವ ನನಗೆ ಎರಡನೆಯ ಸಲ ಸುಳ್ಳು ಹೇಳಿದಳು. ಬಸ್ಸು ತಿರುಗುವಾಗ ಕಿಟಕಿಯಲ್ಲಿ ಅವಳ ಮುಖ ಕಂಡಿತು. ಕೈ ಬೀಸಿದಳು. ನಾನು ಬೀಸಲಿಲ್ಲ.